ಅಪ್ಪ ಮಾತೇ ಬಿಟ್ಟಿದ್ದಾರೆ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಹೋದ ವಾರ ಗೊತ್ತಾಯಿತು. ಸೋಮವಾರಪೇಟೆ ಹತ್ರ ನಮ್ಮ ತೋಟ. ಅವತ್ತಿನಿಂದ ಮಾತಿಲ್ಲ, ನಿದ್ದೆಯಿಲ್ಲ. ಕಾಫಿ ಕುಯ್ಲು ನಡೀತಿದ್ದರೂ ತೋಟದ ಕಡೆ ತಿರುಗಿ ನೋಡುತ್ತಿಲ್ಲ. ಮನಸ್ಸು ಗಟ್ಟಿಯಾಗೋಕೆ ನಿಮ್ಮಲ್ಲಿ ಏನು ಉಪಯೋಗಕ್ಕೆ ಬಂತು, ಹೇಳಿ.

ವಿರಾಜಪೇಟೆಯಿಂದ:
ನಮ್ಮಲ್ಲಿ ಅಮ್ಮನಿಗೆ ಬಂದಿತ್ತು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಸೇದದವರಿಗೂ ಇದು ಬರುತ್ತದೆ, ಆದರೂ ನೋಡೋಕೆ ಬಂದವರೆಲ್ಲ ಮೊದಲು ಕೇಳಿದ್ದು ಅದನ್ನೇ (ಅಂಥವರನ್ನು ಗೇಟಿನಲ್ಲೇ ಕಾಫಿ ಕೊಟ್ಟು ಕಳಿಸಿ). ನಾವೂ ಒಂದು ತಪ್ಪು ಮಾಡಿದೆವು. ಬೆಳಗಾದರೆ "ಏನೂ ಆಗಲ್ಲ, ಧೈರ್ಯವಾಗಿರಿ" ಅನ್ನೋದೇ ಕೆಲಸ. ಒಂದು ದಿನ ಅಮ್ಮ ಸಿಟ್ಟಿನಿಂದ, "ಹೆದರಿಕೆ ಆಗ್ತಿದೆ ಅಂತ ನಾನು ಯಾರ ಹತ್ರ ಹೇಳಲಿ?" ಅಂದರು. ಆಮೇಲೆ ಸುಮ್ನೆ ಪಕ್ಕದಲ್ಲಿ ಕೂರೋದು ಕಲಿತೆವು.

ಎಲ್ಲಕ್ಕಿಂತ ಕಷ್ಟ ಕಾಯೋದು. ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋದು) ಆದ ಮೇಲೆ ಇಜಿಎಫ್‌ಆರ್, ಎಎಲ್‌ಕೆ ಅಂತ ಜೀನ್ ಟೆಸ್ಟ್ ಮಾಡುತ್ತಾರೆ, ಮಾತ್ರೆ ಕೊಡೋದಾ ಕೀಮೋ ಕೊಡೋದಾ ಅಂತ ತೀರ್ಮಾನಿಸೋಕೆ ಆ ರಿಪೋರ್ಟ್ ಬೇಕು, ನಮಗೆ ಅದು ಕೈಗೆ ಬರೋಕೆ ಮೂರು ವಾರ ಹಿಡಿಯಿತು. ಆ ಮೂರು ವಾರ ಅಮ್ಮನನ್ನು ಕಣದ ಪಕ್ಕ ಕುರ್ಚಿ ಹಾಕಿ ಕೂರಿಸಿದೆವು, ಆಳುಗಳ ಲೆಕ್ಕ ಬರೆಯೋಕೆ. ಪುಸ್ತಕದ ಮುಂದೆ "ಇವತ್ತು 14 ಚೀಲ". ಕೊನೇ ಹಾಳೆಯಲ್ಲಿ ಡಾಕ್ಟರಿಗೆ ಕೇಳೋ ಪ್ರಶ್ನೆಗಳು: "ಕೂದಲು ಉದುರುತ್ತಾ? ಪುತ್ತರಿ ಹಬ್ಬಕ್ಕೆ ಇರ್ತೀನಾ?" ಎರಡನೆಯದು ನೋಡಿ ನಾನು ಬಚ್ಚಲಿಗೆ ಹೋಗಿ ಅತ್ತೆ. ಅವರು ಮಾತ್ರ ಕನ್ನಡಕ ಹಾಕಿಕೊಂಡು ಡಾಕ್ಟರ ಎದುರು ಅದನ್ನೇ ಓದಿ ಕೇಳಿದರು. ಅವತ್ತು ರಾತ್ರಿ ನಿದ್ದೆ ಮಾಡಿದರು.

ಕುಶಾಲನಗರದಿಂದ:
ಪೇಷೆಂಟ್ ನಾನೇ. ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ "ಎಷ್ಟು ವರ್ಷ ಬದುಕುತ್ತಾರೆ" ಅಂತ ಹುಡುಕೋದು ಬಿಟ್ಟ ಮೇಲೆ ಅರ್ಧ ಹಗುರಾದೆ. ಇನ್ನೊಂದು, ಡಾಕ್ಟರು ಪ್ಯಾಲಿಯೇಟಿವ್ ಕೇರ್ ಅಂದಾಗ ಕೈಬಿಟ್ಟರು ಅಂದುಕೊಂಡಿದ್ದೆ. ಹಾಗಲ್ಲ. ನೋವು, ದಮ್ಮು, ನಿದ್ದೆ, ಮನಸ್ಸು ಎಲ್ಲ ನೋಡಿಕೊಳ್ಳೋ ಆರೈಕೆ ಅದು, ಚಿಕಿತ್ಸೆಯ ಜೊತೆಗೇ ನಡೆಯುತ್ತದೆ. ಈ ಕಾಯಿಲೆ ಜಾಸ್ತಿ ಹರಡಿದ್ದ 151 ಜನರ ಮೇಲೆ ಅಮೆರಿಕದಲ್ಲಿ ಮಾಡಿದ ಅಧ್ಯಯನ 2010ರಲ್ಲಿ ಬಂತು. ಶುರುವಿನಿಂದಲೇ ಈ ಆರೈಕೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತಂತೆ. ನೀವೇ ಕೇಳಿ ಪಡೆಯಿರಿ.

ನಾಪೋಕ್ಲಿನಿಂದ:
ನಮ್ಮ ಮಾವನೂ ಮಾತು ಬಿಟ್ಟಿದ್ದರು. ಬೇಜಾರು ಅಂತ ನಾವು ಕೌನ್ಸೆಲಿಂಗ್ ಹುಡುಕಿದ್ದೇ ಹುಡುಕಿದ್ದು. ನೋಡಿದರೆ, ನಾಲ್ಕು ಮಾತಾಡಿದರೆ ಕೆಮ್ಮು ಒತ್ತರಿಸಿ ಬರ್ತಿತ್ತು! ಕೆಮ್ಮಿಗೆ ಔಷಧಿ ಕೊಟ್ಟ ಮೇಲೆ ಮತ್ತೆ ಎಲ್ಲರನ್ನೂ ಬೈಯೋಕೆ ಶುರು ಮಾಡಿದರು. ಮೊದಲು ಅದನ್ನು ವಿಚಾರಿಸಿ. ಮನಸ್ಸಿನದೇ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೇಳಿದವರು:
ಕೆಮ್ಮಿನ ವಿಷಯ ಹೊಳೆದೇ ಇರಲಿಲ್ಲ. ಹೌದು, ನಿನ್ನೆ ಫೋನು ಬಂದಾಗಲೂ ಕೈಸನ್ನೆ ಮಾಡಿ ನನಗೇ ಕೊಟ್ಟರು. ಸಂಜೆ ಕೇಳ್ತೀನಿ. ಲೆಕ್ಕದ ಪುಸ್ತಕವನ್ನೂ ಅವರ ಮಂಚದ ಮೇಲೆ ಇಟ್ಟಿದ್ದೇನೆ, ಪೆನ್ನಿನ ಸಮೇತ.