ಜನ ಸಾಲಲ್ಲಿ ನಿಂತು ಓಟು ಹಾಕಿದರೆ ಹಿಂಸೆ ಸೋತ ಹಾಗೇನಾ?

ಪ್ರಶ್ನೆ
ಚುನಾವಣೆ ಹೊತ್ತಲ್ಲಿ ಹೊಡೆದಾಟ, ಬೆದರಿಕೆ ಸುದ್ದಿ ಬಂದಾಗೆಲ್ಲ ಒಂದು ಮಾತು ಕೇಳಿಬರುತ್ತದೆ: "ಆದ್ರೂ ಜನ ಬಂದು ಓಟು ಹಾಕಿದ್ರಲ್ಲ." ಮತದಾನ ಕಡಿಮೆಯಾಗಿಲ್ಲ ಅಂದರೆ ಫಲಿತಾಂಶವನ್ನು ನಂಬಬಹುದಾ?

ಉತ್ತರ 1
ಖಂಡಿತ ಇಲ್ಲ. ಮೂರು ಚುನಾವಣೆಗಳಲ್ಲಿ ಮತಗಟ್ಟೆಯಲ್ಲಿ ಕೂತು ಬೆರಳಿಗೆ ಶಾಯಿ ಹಚ್ಚಿದವಳು ನಾನು. ಒಬ್ಬರೇ ಎರಡು ಸಲ ಓಟು ಹಾಕಬಾರದು, ಅದಕ್ಕೆ ಆ ಗೆರೆ. ಜಿಂಬಾಬ್ವೆಯಲ್ಲಿ 2008ರಲ್ಲಿ ಅದೇ ಶಾಯಿ ಜನರನ್ನು ಹೆದರಿಸುವುದಕ್ಕೆ ಬಳಕೆಯಾಯಿತು.

ಮಾರ್ಚ್ 29ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಲ್ಲಿ ವಿರೋಧ ಪಕ್ಷದ ಮಾರ್ಗನ್ ಸ್ವಾಂಗಿರಾಯ್‌ಗೆ ಶೇ. 47.9, ಅಧ್ಯಕ್ಷ ರಾಬರ್ಟ್ ಮುಗಾಬೆಗೆ ಶೇ. 43.2. ಯಾರೂ ಅರ್ಧ ದಾಟಲಿಲ್ಲ, ಅದಕ್ಕೆ ಇವರಿಬ್ಬರ ನಡುವೆ ಎರಡನೇ ಸುತ್ತು ಇಟ್ಟರು. ಎರಡನೇ ಸುತ್ತಿಗೆ ಮುಂಚೆ ವಿರೋಧ ಪಕ್ಷದವರನ್ನು ಹೊಡೆದರು, ಮನೆ ಸುಟ್ಟರು, ಕೊಂದರು. ಐದು ದಿನ ಇರುವಾಗ ಸ್ವಾಂಗಿರಾಯ್ ಕಣದಿಂದಲೇ ಹಿಂದೆ ಸರಿದರು. ಆದರೂ ಜೂನ್ 27ರ ಮತದಾನ ಎಷ್ಟು ಗೊತ್ತಾ? ಹೆಚ್ಚುಕಡಿಮೆ ಮೊದಲ ಸುತ್ತಿನಷ್ಟೇ, ಸುಮಾರು ಶೇ. 42! ಬೆರಳಲ್ಲಿ ಶಾಯಿ ಕಾಣದಿದ್ದರೆ ಏಟು ಬೀಳುತ್ತದೆ ಅಂತ ಹೆದರಿ ಬಂದವರು ಎಷ್ಟೋ ಜನ. ಮುಗಾಬೆಗೆ ಶೇ. 85ಕ್ಕೂ ಜಾಸ್ತಿ ಓಟು ಬಿತ್ತು.

ಕೆಟ್ಟ ಮತಪತ್ರಗಳ ಲೆಕ್ಕವನ್ನೂ ನೋಡಿ. ಮೊದಲ ಸುತ್ತಲ್ಲಿ ಸುಮಾರು 40 ಸಾವಿರ. ಎರಡನೇ ಸುತ್ತಲ್ಲಿ 1.31 ಲಕ್ಷ. ಬೆದರಿಸಿ ಮತಗಟ್ಟೆವರೆಗೆ ಎಳೆದು ತರಬಹುದು. ಮರೆಯಲ್ಲಿ ಒಬ್ಬರೇ ನಿಂತಾಗ ಅವರು ಆ ಕಾಗದವನ್ನೇ ಕೆಡಿಸಿ ಬಂದಿದ್ದಾರೆ. ನನ್ನ ಮಟ್ಟಿಗೆ ಅವೇ ಆ ದಿನದ ನಿಜವಾದ ಓಟುಗಳು.

ಉತ್ತರ 2
ಅಫ್ಘಾನಿಸ್ತಾನದಲ್ಲಿ ಇದರ ತಿರುವುಮುರುವು. 2014ರ ಜೂನ್‌ನಲ್ಲಿ ಹೆರಾತ್ ಪ್ರಾಂತ್ಯದಲ್ಲಿ ಓಟು ಹಾಕಿ ಬಂದ 11 ಜನರ ಶಾಯಿ ಬೆರಳನ್ನು ತಾಲಿಬಾನ್ ಕತ್ತರಿಸಿತು. ಕೀನ್ಯಾದಲ್ಲಂತೂ 2007ರ ಡಿಸೆಂಬರ್‌ನಲ್ಲಿ ಫಲಿತಾಂಶ ಬಂದ ಮೇಲೆಯೇ ದೊಡ್ಡ ಗಲಭೆ ಶುರುವಾಯಿತು. 1,100ಕ್ಕೂ ಹೆಚ್ಚು ಜನ ಸತ್ತರು, ಸುಮಾರು 6 ಲಕ್ಷ ಜನ ಮನೆ ಬಿಟ್ಟರು. ಮತದಾನದ ಶೇಕಡಾವಾರು ಲೆಕ್ಕದಲ್ಲಿ ಇದು ಯಾವುದೂ ಕಾಣಲ್ಲ.

ಪ್ರಶ್ನೆ ಕೇಳಿದವರು
ಬೆರಳಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ನೋಡಬೇಕಾದ್ದು ಏನು?

ಉತ್ತರ 1
ಯಾರು ನಾಮಪತ್ರ ಹಾಕಲು ಹೆದರಿದರು, ಯಾರು ವಾಪಸ್ ತೆಗೆದರು, ಎಣಿಕೆ ಆದಮೇಲೆ ಯಾರ ಮನೆ ಮುಂದೆ ಗುಂಪು ಸೇರಿತು, ಇದನ್ನು ನೋಡಿ. ಇನ್ನೊಂದು ಮಾತು. ಒಂದು ಸಲ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ನಾನು ಶಾಯಿ ಹಚ್ಚಿದೆ, ಅವರು ಕೈ ಹಿಂದೆ ತೆಗೆಯಲಿಲ್ಲ. "ನಾನು ಯಾರಿಗೆ ಹಾಕ್ದೆ ಅಂತ ಹೊರಗಿರೋರಿಗೆ ಗೊತ್ತಾಗಲ್ಲ ಅಲ್ವಾ ತಾಯಿ?" ಅಂತ ಪಿಸುಗುಟ್ಟಿದರು. ಗೊತ್ತಾಗಲ್ಲ ಅಂದೆ. ಅವರು ಇನ್ನೊಂದು ಸಲ ಕೇಳಿದರು.