ಕವನ ಸಂಕಲನದ ಹಸ್ತಪ್ರತಿ ಸ್ಪರ್ಧೆ: ಕೊಡಗಿನ ಕೆಲವರ ಅನುಭವಗಳು

ವಿರಾಜಪೇಟೆ ಸಮೀಪದ ಶಿಕ್ಷಕಿಯೊಬ್ಬರ ಕೋರಿಕೆ: ಸಣ್ಣ ಪ್ರಕಾಶನವೊಂದು ಚೊಚ್ಚಲ ಕವನ ಸಂಕಲನಕ್ಕೆ ಹಸ್ತಪ್ರತಿಗಳನ್ನು ಆಹ್ವಾನಿಸಿದೆ. ನನ್ನಲ್ಲಿ ಎಂಬತ್ತರಷ್ಟು ಕವಿತೆಗಳಿವೆ, ಕೆಲವು ಪತ್ರಿಕೆಗಳಲ್ಲಿ ಅಚ್ಚಾಗಿವೆ. ಆಯ್ಕೆ ಹೇಗೆ ಮಾಡಲಿ, ಹಕ್ಕಿನ ವಿಷಯದಲ್ಲಿ ಏನನ್ನು ಗಮನಿಸಲಿ? ಬಲ್ಲವರು ದಯವಿಟ್ಟು ತಿಳಿಸಿ.

ಮಡಿಕೇರಿಯಿಂದ: ಮೇಡಂ, ಎಂಬತ್ತನ್ನೂ ಕಳುಹಿಸಬೇಡಿ. ಡೆಮಿ 1/8 ಆಕಾರದ ನೂರು ಪುಟಗಳ ಪುಸ್ತಕದಲ್ಲಿ ಮುನ್ನುಡಿ, ಪರಿವಿಡಿಗಳನ್ನು ಕಳೆದರೆ ಐವತ್ತು ಕವಿತೆಗಳಿಗಷ್ಟೇ ನೆಮ್ಮದಿಯಾಗಿ ಜಾಗವಿರುತ್ತದೆ. ಬರೆದ ದಿನಾಂಕದ ಕ್ರಮದಲ್ಲಿ ಜೋಡಿಸುವುದು ಸುಲಭವಾದರೂ, ಆಗ ನಿಮ್ಮ ಕಲಿಕೆಯ ಕಾಲದ ಕವಿತೆಗಳೇ ಮುಂದೆ ಬಂದು, ಹತ್ತಾರು ಹಸ್ತಪ್ರತಿಗಳನ್ನು ಒಟ್ಟಿಗೆ ಓದಬೇಕಾದ ತೀರ್ಪುಗಾರರು ನಿಮ್ಮ ಗಟ್ಟಿ ರಚನೆಗಳನ್ನು ತಲುಪುವಷ್ಟರಲ್ಲಿ ದಣಿದಿರುತ್ತಾರೆ. ಎಲ್ಲವನ್ನೂ ಮುದ್ರಿಸಿ ನೆಲದ ಮೇಲೆ ಹರಡಿ, ಒಂದೇ ಭಾವವನ್ನು ಹೇಳುವ ಎರಡು ಕವಿತೆಗಳಿದ್ದರೆ ಒಂದನ್ನು ತೆಗೆಯಿರಿ. ಮಳೆಯನ್ನೂ ಕಾಫಿ ಹೂವನ್ನೂ ಕುರಿತು ನಾವೆಲ್ಲ ಬರೆದೇ ಬರೆಯುತ್ತೇವೆ (ಇಲ್ಲಿದ್ದು ಬರೆಯದಿರುವುದೂ ಕಷ್ಟವೇ); ಅಂಥ ಕವಿತೆಗಳಲ್ಲಿ ನಿಮ್ಮ ಕಣ್ಣಿಗೆ ಮಾತ್ರ ಬಿದ್ದದ್ದನ್ನು ಹೇಳಿದವನ್ನಷ್ಟೇ ಉಳಿಸಿಕೊಳ್ಳಿ. ಐನ್‌ಮನೆ (ಕೊಡವ ಕುಲದ ಮೂಲಮನೆ), ಕೈಮಡ (ಹಿರಿಯರ ಗುಡಿ) ಇಂತಹ ಮಾತುಗಳು ಬಂದಲ್ಲಿ ಪ್ರತಿ ಪುಟದಡಿ ಅರ್ಥ ಬರೆದು ಓದಿಗೆ ಅಡ್ಡಿ ಮಾಡುವ ಬದಲು ಕೊನೆಯಲ್ಲೊಂದು ಚಿಕ್ಕ ಟಿಪ್ಪಣಿ ಕೊಟ್ಟರೆ ಸಾಕು.

ಸೋಮವಾರಪೇಟೆಯಿಂದ: ನಿಯಮಗಳ ಹಾಳೆಯನ್ನು ಕರಾರುಪತ್ರದಂತೆ ಓದಿ. ಸ್ಪರ್ಧೆಗೆ ಬಂದ ಎಲ್ಲ ಕವಿತೆಗಳ ಹಕ್ಕೂ ಪ್ರಕಾಶನದ್ದೆಂದು ಬರೆದಿದ್ದರೆ, ಬಹುಮಾನ ಎಷ್ಟೇ ದೊಡ್ಡದಿರಲಿ, ನಾನಂತೂ ಕಳುಹಿಸುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ಗೆದ್ದವರಿಗೆ ಎಷ್ಟು ಗೌರವಪ್ರತಿಗಳು ಸಿಗುತ್ತವೆ, ಲೇಖಕರೇ ಇಂತಿಷ್ಟು ಪ್ರತಿಗಳನ್ನು ಕೊಳ್ಳಬೇಕೆಂಬ ಷರತ್ತು ಎಲ್ಲಾದರೂ ಅಡಗಿದೆಯೇ ಎಂಬುದನ್ನೂ ಮೊದಲೇ ಕೇಳಿ. ಪತ್ರಿಕೆಗಳಲ್ಲಿ ಬಂದ ಕವಿತೆಗಳಿಗೆ ಸಾಮಾನ್ಯವಾಗಿ ತಕರಾರು ಇರುವುದಿಲ್ಲ, ಆದರೆ ‘ಅಪ್ರಕಟಿತ’ ಎಂದಷ್ಟೇ ಬರೆದಿದ್ದರೆ ಅದು ಸಂಕಲನಕ್ಕೆ ಅನ್ವಯಿಸುತ್ತದೆಯೋ ಬಿಡಿ ಕವಿತೆಗೋ ಎಂಬುದನ್ನು ಅವರಿಂದ ಬರಹದಲ್ಲಿಯೇ ಪಡೆದುಕೊಳ್ಳಿ.

ಕುಶಾಲನಗರದಿಂದ: ನಾನು ಡಿಟಿಪಿ ಕೆಲಸ ಮಾಡುವವನು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿರುವ ಕಡತವನ್ನು ಯೂನಿಕೋಡ್‌ಗೆ ಬದಲಿಸಿದಾಗ ಒತ್ತಕ್ಷರಗಳೂ ಅರ್ಕಾವತ್ತೂ ಅಲ್ಲಲ್ಲಿ ಕೆಡುತ್ತವೆ, ಸಾಲುಗಳೂ ಒಡೆಯುತ್ತವೆ. ಗದ್ಯದಲ್ಲಾದರೆ ಓದುಗರು ಸುಧಾರಿಸಿಕೊಂಡಾರು, ಕವಿತೆಯಲ್ಲಿ ಸಾಲು ಒಡೆದರೆ ಲಯವೇ ಹೋಯಿತು. ಆದ್ದರಿಂದ ಪೂರ್ತಿ ಕರಡು ತಿದ್ದಿದ ಮೇಲೆ ಪಿಡಿಎಫ್ ಮಾಡಿ. ಹೆಸರಿಲ್ಲದ ಪ್ರತಿ ಕೇಳಿದ್ದರೆ ಒಳಪುಟಗಳಿಂದಲೂ, ಅರ್ಪಣೆಯಿಂದಲೂ, ಕಡತದ ಹೆಸರಿನಿಂದಲೂ ನಿಮ್ಮ ಗುರುತನ್ನು ತೆಗೆಯಬೇಕು. ಕೊನೆಯ ದಿನಾಂಕ ಜುಲೈನಲ್ಲಿದ್ದರೆ ಜೂನ್ ಮೊದಲ ವಾರವೇ ಕಳುಹಿಸಿಬಿಡಿ. ಮಳೆ ಹಿಡಿದ ಮೇಲೆ ನಿಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ.

ಮಡಿಕೇರಿಯಿಂದ ಮತ್ತೆ: ಒಂದು ವಿಷಯ ಬಿಟ್ಟುಹೋಗಿತ್ತು. ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿಯನ್ನೂ ಹಸ್ತಪ್ರತಿಗೇ ಕೊಡುತ್ತಾರೆ. ಒಂದೇ ಹಸ್ತಪ್ರತಿಯನ್ನು ಎರಡು ಕಡೆ ಕಳುಹಿಸುವ ಯೋಚನೆಯಿದ್ದರೆ ಇಬ್ಬರ ನಿಯಮವೂ ಅದಕ್ಕೆ ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ, ಒಂದು ಕಡೆ ಆಯ್ಕೆಯಾದರೆ ಅಂದೇ ಇನ್ನೊಂದು ಕಡೆಗೆ ಪತ್ರ ಬರೆದು ಹಿಂಪಡೆಯಿರಿ.