ಲ್ಯಾಪ್‌ಟಾಪ್ ಪದೇ ಪದೇ ಹ್ಯಾಂಗ್ ಆಗ್ಲತ್ತದ, ಅಂಗಡ್ಯಾಗ ಫಾರ್ಮ್ಯಾಟ್ ಮಾಡ್ರಿ ಅಂತಾರ, ಒಳಗ ರೆಕಾರ್ಡಿಂಗ್ ಅವ

ಚಿತ್ತಾಪುರ_ಅಕ್ಕೋರು:

ಎಲ್ರಿಗೂ ನಮಸ್ಕಾರ್ರಿ. ನಾ ಚಿತ್ತಾಪುರದಾಕಿ, ಕಲಬುರಗಿದಾಗ ರೂಮ್ ಮಾಡ್ಕೊಂಡು ಗೆಸ್ಟ್ ಲೆಕ್ಚರರ್ ಕೆಲ್ಸ ಮಾಡ್ಕೋತ ಪಿಎಚ್‌ಡಿ ಮಾಡ್ಲತ್ತೀನಿ, ತತ್ವಪದ ಹಾಡೋರ ಮ್ಯಾಲ. ನಂದು 2018ದಾಗ ತಗೊಂಡ ಲ್ಯಾಪ್‌ಟಾಪ್, ಐ3 ಏಳನೇ ಜನರೇಷನ್, 4 ಜಿಬಿ ರ್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಒಂದ್ ತಿಂಗಳಿಂದ ಇದ್ದಕ್ಕಿದ್ದಂಗ ನಿಂತು ಬಿಡ್ತದ. ಮೊದಲ ಮೌಸ್ ಬಾಣ ಓಡಾಡ್ತಿರ್ತದ ಆದ್ರ ಯಾವುದ್ ಒತ್ತಿದ್ರೂ ತೆರಿಯಲ್ಲ, ಎರಡ್ ಮೂರ್ ನಿಮಿಷ ಬಿಟ್ಟು ತಾನೇ ಬಿಟ್ಕೋತದ, ಒಮ್ಮೊಮ್ಮೆ ಬಿಟ್ಕೊಳ್ಳೋದೇ ಇಲ್ಲ, ಪವರ್ ಬಟನ್ ಒತ್ತಿ ಹಿಡ್ದು ಬಂದ್ ಮಾಡ್ಬೇಕಾಗ್ತದ. ಸುಮ್ನ ನುಡಿ ಸಾಫ್ಟ್‌ವೇರ್‌ದಾಗ ಕನ್ನಡ ಟೈಪ್ ಮಾಡೋವಾಗ ಛಲೋ ಇರ್ತದ, ಆಳಂದ ಕಡಿ ಹಳ್ಳಿಗಳ ರೆಕಾರ್ಡಿಂಗ್ ಇರೋ ಫೋಲ್ಡರ್ ತೆಗದ್ರ ಮಾತ್ರ ಹೆಚ್ಚು.

ಇಲ್ಲೇ ಒಂದ್ ಅಂಗಡಿಗಿ ಒಯ್ದಿದ್ದೆ. ಹತ್ ನಿಮಿಷ ನೋಡಿ "ವೈರಸ್ ಆಗ್ಯದ ಮೇಡಂ, ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕ್ತೀವಿ" ಅಂದ್ರು. ಡೇಟಾ ಕೇಳಿದ್ರ "ಡಿ ಡ್ರೈವ್‌ದಾಗ ಇದ್ರ ಏನೂ ಆಗಲ್ಲ" ಅಂದ್ರು. ನಂಗ ಧೈರ್ಯ ಆಗ್ಲಿಲ್ಲ, ವಾಪಸ್ ತಂದೀನಿ. ಅದರೊಳಗ 43 ರೆಕಾರ್ಡಿಂಗ್ ಅವ, ಮೂರ್ ವರ್ಷದ ತಿರುಗಾಟ. ಹಾಡಿದ ಇಬ್ರು ಅಜ್ಜಂದ್ರು ಈಗ ಇಲ್ಲ. ಬ್ಯಾಕಪ್ ಪೂರ್ತಿ ಇಲ್ರಿ, ಥೀಸಿಸ್ ಬರವಣಿಗಿ ಮಾತ್ರ ಪೆನ್‌ಡ್ರೈವ್‌ದಾಗ ಅದ. ಏನ್ ಮಾಡ್ಲಿ?

ಶಹಾಬಾದ್_ಕಲ್ಲು:

ಅಕ್ಕೋರೆ, ಮೇ ತಿಂಗಳು, 43 ಡಿಗ್ರಿ ಬಿಸಿಲು, ಮೊದಲ ಕಾವು ನೋಡ್ರಿ. ನಮ್ ಕಡಿ ಕಲ್ಲು ಕೊಯ್ಯೋ ಮಷಿನ್ ಧೂಳಿಗಿ ನನ್ ಲ್ಯಾಪ್‌ಟಾಪ್ ಹಿಂಗೇ ಮಾಡ್ತಿತ್ತು. ಹಿಂದಿನ ಮುಚ್ಚಳ ತೆಗದ್ರ ಫ್ಯಾನಿಗೂ ತಾಮ್ರದ ಜಾಳಿಗೂ ನಡು ಧೂಳು ಅರಿವಿ ತುಂಡಿನಂಗ ಗಟ್ಟಿಯಾಗಿ ಕುಂತಿತ್ತು, ಬೆರಳಿಂದ ಹಿಡ್ದು ಎಳದ್ರ ಒಂದೇ ಪದರಾಗಿ ಬಂತು. ಅದು ತೆಗದು ಪ್ರೊಸೆಸರ್ ಮ್ಯಾಲಿನ ಪೇಸ್ಟ್ ಹೊಸಾದು ಹಚ್ಚಿದ ಮ್ಯಾಲ ಎರಡ್ ವರ್ಷ ಆತು, ತೊಂದ್ರಿ ಇಲ್ಲ. ಹಾಸಿಗಿ ಮ್ಯಾಲ, ದಿಂಬಿನ ಮ್ಯಾಲ ಇಟ್ಕೊಂಡು ಕೆಲ್ಸ ಮಾಡಬ್ಯಾಡ್ರಿ, ಕೆಳಗಿನ ಗಾಳಿ ತೂತು ಮುಚ್ಚಿ ಹೋಗ್ತದ.

ಸುರಪುರ_ಹುಡುಗ:

ಅಕ್ಕೋರೆ 4 ಜಿಬಿ ರ್ಯಾಮ್ ಈಗ ಯಾತಕ್ಕೂ ಸಾಲಲ್ರಿ. ಕ್ರೋಮ್ ತೆಗದು ನಾಕ್ ಟ್ಯಾಬ್ ಇಟ್ರೇ ತುಂಬಿ ಹೋಗ್ತದ, ಆಮ್ಯಾಲ ವಿಂಡೋಸ್ ಹಾರ್ಡ್‌ಡಿಸ್ಕನ್ನೇ ರ್ಯಾಮ್ ಅಂತ ಬಳಸ್ತದ, ಅಲ್ಲಿಗಿ ನಿಂತಂಗೇ. ನಾ 4 ಜಿಬಿದು ಇನ್ನೊಂದ್ ಹಾಕಿಸ್ದೆ, ಭಾಳ ಫರಕ್ ಬಿತ್ತು. ಖಾಲಿ ಸ್ಲಾಟ್ ಅದ ಏನು ನೋಡ್ರಿ.

ಬೀದರ್_ರಿಪೇರಿ:

ಅಕ್ಕೋರೆ, ಇದನ್ನ ಓದಿದ ಕೂಡ್ಲೆ ಲ್ಯಾಪ್‌ಟಾಪ್ ಬಂದ್ ಮಾಡಿ ಇಡ್ರಿ. ಮ್ಯಾಲಿನ ಇಬ್ರು ಹೇಳಿದ್ದೂ ಖರೆನೇ, ಆದ್ರ ನಿಮ್ ಲಕ್ಷಣಕ್ಕ ಅವು ಹೊಂದಲ್ಲ. ಕಾವಿಂದ ಆದ್ರ ಯಾವ ಫೋಲ್ಡರ್ ತೆಗದ್ರೂ ಆಗ್ಬೇಕು, ಫ್ಯಾನ್ ಹೋ ಅಂತ ಕೂಗ್ಬೇಕು, ಮೊದಲ ನಿಧಾನ ಆಗ್ತದ, ಮಿತಿ ಮೀರಿದ್ರ ಪೂರಾ ಬಂದ್ ಬೀಳ್ತದ. ರ್ಯಾಮ್ ಕಮ್ಮಿ ಆದ್ರ ಬ್ರೌಸರ್ ತುಂಬಿದಾಗ ಆಗ್ಬೇಕು. ನಿಮ್ದು ಒಂದೇ ಫೋಲ್ಡರ್‌ದಾಗ ನಿಲ್ಲತದ, ನಿಮಿಷಗಟ್ಲೆ ಬಿಟ್ಟು ತಾನೇ ಬಿಟ್ಕೋತದ. ಇದು ಹಾರ್ಡ್‌ಡಿಸ್ಕ್ ಸಾಯ್ಲತ್ತದ ಅನ್ನೋದರ ಗುರ್ತು. ಒಳಗಿನ ತಟ್ಟಿ ಮ್ಯಾಲ ಒಂದ್ ಜಾಗ ದುರ್ಬಲ ಆಗಿರ್ತದ, ಡಿಸ್ಕ್ ಅದನ್ನ ಮತ್ತ ಮತ್ತ ಓದ್ಲಕ್ಕ ನೋಡ್ತದ, ಅಲ್ಲಿತನ ವಿಂಡೋಸ್ ಕಾಯ್ಕೋತ ಕುಂದರ್ತದ. ಮೌಸ್ ಓಡ್ತದ, ಯಾಕಂದ್ರ ಅದಕ್ಕ ಡಿಸ್ಕ್ ಬೇಕಾಗಲ್ಲ.

ಎರಡೇ ಎರಡು ನೋಡಿ ಹೇಳ್ರಿ. ಹ್ಯಾಂಗ್ ಆದಾಗ ಕ್ಯಾಪ್ಸ್ ಲಾಕ್ ಒತ್ತಿದ್ರ ಅದರ ಲೈಟ್ ಹತ್ತಿ ಆರ್ತದ ಏನು? ಹತ್ತಿ ಆರಿದ್ರ ಸಿಸ್ಟಮ್ ಜೀವಂತ ಅದ, ಯಾವುದಕ್ಕೋ ಕಾಯ್ಲತ್ತದ ಅಂತ ತಿಳೀರಿ. ಇನ್ನೊಂದು, ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಅದ, ತೆಗದು ಸಿ5 ಅಂತ ಇರೋ ಸಾಲಿನ ಕೊನೀ ಅಂಕಿ ಬರೀರಿ. ಅಷ್ಟ್ ಸಾಕು, ಮತ್ತ ಬಂದ್ ಮಾಡ್ರಿ.

ಫಾರ್ಮ್ಯಾಟ್ ಬ್ಯಾಡ, ಚೆಕ್ ಡಿಸ್ಕ್ ಬ್ಯಾಡ, ಫೈಲ್ ತುಂಡು ಒಂದ್ ಕಡಿ ಜೋಡ್ಸೋ ಡೀಫ್ರಾಗ್ ಅಂತೂ ಬ್ಯಾಡೇ ಬ್ಯಾಡ. ಚೆಕ್ ಡಿಸ್ಕ್ ಇಡೀ ಡಿಸ್ಕ್ ತಿಕ್ತದ, ಸಾಯ್ಲತ್ತಿರೋದಕ್ಕ ಅದೇ ಕೊನೀ ಪೆಟ್ಟಾಗ್ಬಹುದು. ಸಿ ಡ್ರೈವ್, ಡಿ ಡ್ರೈವ್ ಅನ್ನೋದು ಒಂದೇ ಡಿಸ್ಕ್ ಮ್ಯಾಲ ಎಳದ ಗೆರಿ ಅಷ್ಟೇ, ಡಿಸ್ಕ್ ಹೋದ್ರ ಎರಡೂ ಹೋಗ್ತಾವ. ವಿಂಡೋಸ್ 11ಕ್ಕ ಮೈಕ್ರೋಸಾಫ್ಟ್ ಕೊಟ್ಟ ಪಟ್ಟಿಯೊಳಗ ನಿಮ್ಮ ಏಳನೇ ಜನರೇಷನ್ ಐ3 ಬರೋದೇ ಇಲ್ಲ, ಅದ್ಯಾಕ ಹಾಕ್ತೀವಿ ಅಂದ್ರೋ ನಂಗ ತಿಳೀಲಿಲ್ಲ.

ಚಿತ್ತಾಪುರ_ಅಕ್ಕೋರು:

ಅಣ್ಣಾರ, ಲೈಟ್ ಹತ್ತಿ ಆರ್ತದ. ಟಾಸ್ಕ್ ಮ್ಯಾನೇಜರ್‌ದಾಗ ಡಿಸ್ಕ್ 100 ಪರ್ಸೆಂಟ್ ತೋರಿಸ್ತದ ಆದ್ರ ಸ್ಪೀಡ್ ಸೊನ್ನಿ ಹತ್ರ ಅದ. ಕ್ರಿಸ್ಟಲ್‌ದಾಗ ಹಳದಿ ಬಣ್ಣ ಬಂದದ, ಸಿ5 ಮುಂದ ಭಾಳ ಸೊನ್ನಿ ಇದ್ದು ಕೊನಿಗಿ ಎ8 ಅಂತದ. ಕಿವಿ ಹಚ್ಚಿ ಕೇಳಿದ್ರ ಒಮ್ಮೊಮ್ಮೆ ಟಕ್ ಟಕ್ ಅಂತದ. ಕೈ ನಡುಗ್ಲತ್ತಾವ್ರಿ.

ಬೀದರ್_ರಿಪೇರಿ:

ಗಾಬ್ರಿ ಆಗಬ್ಯಾಡ್ರಿ, ಇನ್ನೂ ಟೈಮ್ ಅದ. ಎ8 ಅನ್ನೋದು ಹೆಕ್ಸ್ ಲೆಕ್ಕ, ಅಂದ್ರ ಹದಿನಾರರ ಎಣಿಕಿ, ನಮ್ ಲೆಕ್ಕದಾಗ 168. ಅಂದ್ರ ಅಷ್ಟು ಸೆಕ್ಟರ್, ಡಿಸ್ಕಿನ ಸಣ್ಣ ಸಣ್ಣ ಖಾನಿ, ಓದ್ಲಕ್ಕ ಆಗ್ದೆ ಬಾಕಿ ಬಿದ್ದಾವ. ಒಳ್ಳೇ ಡಿಸ್ಕಿಗಿ ಇಲ್ಲಿ ಸೊನ್ನಿ ಇರ್ಬೇಕು.

ಇನ್ನ ವಿಂಡೋಸ್‌ದಾಗ ಹೋಗಬ್ಯಾಡ್ರಿ, ಅದು ಚಾಲೂ ಆಗೋದ್ರೊಳಗ ಸಾವಿರಾರು ಫೈಲ್ ಓದ್ತದ ಬರೀತದ. ಬ್ಯಾರೆ ಕಂಪ್ಯೂಟರ್‌ದಾಗ ಒಂದ್ 8 ಜಿಬಿ ಪೆನ್‌ಡ್ರೈವಿಗಿ ಲಿನಕ್ಸ್ ಮಿಂಟ್ ಹಾಕಿಸ್ಕೊಳ್ರಿ, ಅದು ವಿಂಡೋಸ್ ಬದ್ಲಿ ನಡಿಯೋ ಫ್ರೀ ಸಿಸ್ಟಮ್, ಆ ಪೆನ್‌ಡ್ರೈವಿಂದಲೇ ಲ್ಯಾಪ್‌ಟಾಪ್ ಚಾಲೂ ಮಾಡ್ರಿ. ಡೆಸ್ಕ್‌ಟಾಪ್ ಮ್ಯಾಲ ಇನ್‌ಸ್ಟಾಲ್ ಅಂತ ಒಂದ್ ಚಿತ್ರ ಇರ್ತದ, ಅದನ್ನ ಅಪ್ಪಿತಪ್ಪಿನೂ ಒತ್ತಬ್ಯಾಡ್ರಿ. ಎಕ್ಸ್‌ಟರ್ನಲ್ ಡಿಸ್ಕ್ ಜೋಡ್ಸಿ ಮೊದಲ ತೀರಿಕೊಂಡ ಅಜ್ಜಂದ್ರ ಫೈಲ್ ಕಾಪಿ ಮಾಡ್ರಿ, ಆಮ್ಯಾಲ ಉಳದದ್ದು. ಒಮ್ಮೆಗೇ ಎಲ್ಲಾ ಎಳದು ಹಾಕಬ್ಯಾಡ್ರಿ, ಒಂದೊಂದಾಗಿ. ಯಾವುದಾರ ನಿಂತ್ರ ಕ್ಯಾನ್ಸಲ್ ಮಾಡಿ, ಹೆಸ್ರು ಬರ್ದಿಟ್ಟು ಮುಂದಿನದಕ್ಕ ಹೋಗ್ರಿ.

ನಿಂತ ಫೈಲಿಗಿ ಡಿಡಿರೆಸ್ಕ್ಯೂ ಅಂತ ಸಾಫ್ಟ್‌ವೇರ್ ಅದ, ಪೆನ್‌ಡ್ರೈವಿಂದ ನಡಿಯೋ ಮಿಂಟ್ ಒಳಗೇ ನೆಟ್ ಜೋಡ್ಸಿ ಹಾಕ್ಕೋಬಹುದು. ಅದು ಓದ್ಲಕ್ಕ ಬಂದದ್ದು ಮೊದಲ ಎತ್ಕೊಂಡು ಕೆಟ್ಟ ಜಾಗ ಕೊನಿಗಿ ಇಟ್ಕೋತದ. ನೀವ್ ರೆಕಾರ್ಡಿಂಗ್ ಯಾವ ಫಾರ್ಮ್ಯಾಟ್‌ದಾಗ ಮಾಡೀರಿ? ದನಿ ಕುಗ್ಗಿಸ್ದೆ ಹಂಗೇ ಇಡೋ ವೇವ್ ಇದ್ರ ನಿಮ್ ಪುಣ್ಯ.

ಶಹಾಬಾದ್_ಕಲ್ಲು:

ನಾ ಕಾವು ಅಂದಿದ್ದೆ, ಎ8 ನೋಡಿದ ಮ್ಯಾಲ ಬೀದರ್ ಅಣ್ಣ ಹೇಳಿದ್ದೇ ಬರೋಬ್ಬರಿ. ಅಕ್ಕೋರೆ, ಕಾಪಿ ಮಾಡೋವಾಗ ಬೆಳಿಗ್ಗಿ ತಂಪಿನ್ಯಾಗ ಮಾಡ್ರಿ, ಗಟ್ಟಿ ಟೇಬಲ್ ಮ್ಯಾಲ ಇಡ್ರಿ, ಅಲುಗಾಡಿಸಬ್ಯಾಡ್ರಿ. ಚಾರ್ಜರ್ ಹಚ್ಚೇ ಇಡ್ರಿ, ಕರೆಂಟ್ ಹೋದ್ರ ನಡುವ ನಿಲ್ಲಬಾರ್ದು, ಬ್ಯಾಟರಿ ಹ್ಯಾಂಗದ ಮೊದಲ ನೋಡ್ಕೊಳ್ರಿ.

ಚಿತ್ತಾಪುರ_ಅಕ್ಕೋರು:

ನಾಕ್ ದಿನ ಆತು, ಈಗ ಬರೀಲತ್ತೀನಿ. ವೇವ್‌ದಾಗೇ ಮಾಡಿದ್ದೆ ಅಣ್ಣಾರ, ಒಂದ್ ತಾಸಿಂದು 600 ಎಂಬಿ ಹತ್ರ ಬರ್ತದ, ಜಾಗ ತಿಂತದ ಅಂತ ಎಲ್ರೂ ಬೈತಿದ್ರು. ಕಾಲೇಜಿನ ಸರ್ ಒಬ್ರು ತಮ್ಮ ಎಕ್ಸ್‌ಟರ್ನಲ್ ಡಿಸ್ಕ್ ಕೊಟ್ರು, ಬೆಳಿಗ್ಗಿ ಐದಕ್ಕ ಎದ್ದು ಕುಂತೆ. 43ರಾಗ 41 ಸೀದಾ ಬಂದ್ವು. ಎರಡು ನಿಂತ್ವು, ಅದರಾಗ ಒಂದು ತೀರಿಕೊಂಡ ಅಜ್ಜಂದೇ. ಡಿಡಿರೆಸ್ಕ್ಯೂ ಹಚ್ಚಿ ರಾತ್ರಿ ಪೂರಾ ಬಿಟ್ಟೆ, ಒಂದ್ ಫೈಲ್ ಪೂರಾ ಬಂತು, ಅಜ್ಜನ ಫೈಲ್‌ದಾಗ ಮೂರ್ ಜಾಗ ಓದ್ಲಕ್ಕ ಬರ್ಲಿಲ್ಲ ಅಂತ ತೋರ್ಸ್ತು. ಅದು ಹಾಡಿನೊಳಗ ಎಷ್ಟು ಹೋಗಿರ್ಬಹುದು?

ಬೀದರ್_ರಿಪೇರಿ:

ಸಿಡಿ ಕ್ವಾಲಿಟಿ ವೇವ್‌ದಾಗ ಒಂದ್ ಸೆಕೆಂಡಿಗಿ 1,76,400 ಬೈಟ್. 4096 ಬೈಟಿನ ಒಂದ್ ಸೆಕ್ಟರ್ ಹೋದ್ರ ಒಂದ್ ಸೆಕೆಂಡ್‌ದಾಗ ನಲವತ್ಮೂರನೇ ಒಂದ್ ಪಾಲು. ವೇವ್‌ದಾಗ ದನಿ ಸಾಲಾಗಿ ಹಂಗೇ ಬರ್ದಿರ್ತದ, ನಡುವ ತೂತು ಬಿದ್ರ ಅಷ್ಟು ಹೊತ್ತು ಸುಮ್ನಾಗಿ ಮುಂದಿಂದು ನಡೀತದ. ಅದಕ್ಕೇ ಪುಣ್ಯ ಅಂದದ್ದು. ಕೇಳಿ ನೋಡ್ರಿ.

ಈ ಹಾರ್ಡ್‌ಡಿಸ್ಕ್ ಇನ್ನ ಲ್ಯಾಪ್‌ಟಾಪ್‌ದಾಗ ಇಡಬ್ಯಾಡ್ರಿ. ಅದರ ಜಾಗದಾಗ 512 ಜಿಬಿ ಸಾಟಾ ಎಸ್‌ಎಸ್‌ಡಿ, ಅಂದ್ರ ಒಳಗ ತಿರುಗೋ ತಟ್ಟಿ ಇಲ್ದ ಡಿಸ್ಕ್, ಹಾಕಿಸ್ರಿ, ಆಮ್ಯಾಲ ಸುರಪುರ ತಮ್ಮ ಹೇಳಿದಂಗ ರ್ಯಾಮ್ 8 ಮಾಡಿಸ್ರಿ. ವಿಂಡೋಸ್ 10ಕ್ಕ 2025 ಅಕ್ಟೋಬರ್ 14ಕ್ಕ ಸಪೋರ್ಟ್ ಮುಗದದ, ನಿಮ್ ಕೆಲ್ಸ ನಡದ್ರ ಮಿಂಟ್ ಮ್ಯಾಲೇ ಇರ್ರಿ. ನುಡಿ ಸಾಫ್ಟ್‌ವೇರ್‌ದಾಗ ಎಲ್ಲಾ ಕಂಪ್ಯೂಟರಿಗಿ ತಿಳಿಯೋ ಯೂನಿಕೋಡ್ ಬಳಸ್ತಿದ್ರ ಬರ್ದ ಫೈಲ್ ಅಲ್ಲೂ ತೆರಿತಾವ, ಹಳೇ ಆಸ್ಕಿ ಫಾಂಟ್‌ದಾಗ ಬರ್ದಿದ್ರ ಮೊದಲ ಯೂನಿಕೋಡಿಗಿ ಬದಲಾಯ್ಸ್‌ಕೊಳ್ರಿ. ಸರ್ ಡಿಸ್ಕ್ ವಾಪಸ್ ಕೊಡೋಕಿಂತ ಮೊದಲ ಇನ್ನೊಂದ್ ಕಡಿ ಕಾಪಿ ಇಡ್ರಿ, ಒಂದ್ ಕಾಪಿ ಚಿತ್ತಾಪುರದ ಮನ್ಯಾಗ ಇರ್ಲಿ.

ಚಿತ್ತಾಪುರ_ಅಕ್ಕೋರು:

ಹೆಡ್‌ಫೋನ್ ಹಾಕ್ಕೊಂಡು ಪೂರಾ ಕೇಳ್ದೆ ಅಣ್ಣಾರ. ಎರಡು ಜಾಗ ಗೊತ್ತೇ ಆಗ್ಲಿಲ್ಲ. 18ನೇ ನಿಮಿಷದ ಹತ್ರ ಏಕತಾರಿ ತಂತಿ ಒಂದ್ ಸಲ ಕಡದಂಗ ಕೇಳ್ತದ, ಆಮ್ಯಾಲ ಅಜ್ಜನ ದನಿ ಹಂಗೇ ಮುಂದ ಹೋಗ್ತದ, ಹಿಂದ ಅವರ ಮೊಮ್ಮಗ ಚಹಾ ತಂದೀನಿ ಅನ್ನೋದೂ ಅದ. ನಾಳಿ ಅವರ ಮನಿಗಿ ಒಂದ್ ಪೆನ್‌ಡ್ರೈವ್‌ದಾಗ ಹಾಕಿ ಕೊಟ್ಟು ಬರ್ತೀನಿ.